ಬೀಜ ಉಂಟಾ?

ಅದು ಸಂಕ್ರಾಂತಿ ಕಳೆದ ಮೇಲಿನ ಶನಿವಾರ. ಭಾನುವಾರವೆಂದು ನನ್ನ ಹೆಂಡತಿಯ ವಾದ. ಆದರೆ ಹೊಳೆನರಸೀಪುರದಿಂದ ಹೊರಡುವ ಮುನ್ನ ನಾನು ಬ್ಯಾಂಕಿಗೆ ಹೋಗಿ ಬಂದದ್ದು ನೆನಪಿದೆ. ಮೂರನೆಯ ಶನಿವಾರ ಬ್ಯಾಂಕು ತೆರೆದಿರುತ್ತದೆ, ಭಾನುವಾರ ತೆರೆದಿರುವುದಿಲ್ಲ. ಶಾಸನಗಳ ಕಾಲನಿರ್ಣಯದಲ್ಲೇ ನೌಕರಿ ಸವೆಸಿದವನು ಇಷ್ಟನ್ನಾದರೂ ತಾಳೆ ನೋಡದೆ ಬಿಡಲಾರ.

ಶ್ರವಣಬೆಳಗೊಳದಲ್ಲಿ ಬೆಟ್ಟವಿಳಿದಾಗ ಇಬ್ಬರಿಗೂ ಹಸಿವು. ಬುಡದ ರಸ್ತೆಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು, ಯಾತ್ರಿಕರು, ಎಳನೀರಿನ ಗಾಡಿಗಳು. ಅವುಗಳ ನಡುವೆ ಹೊಸದೊಂದು ಇಟಾಲಿಯನ್ ಹೋಟೆಲು. ಯಜಮಾನರು ಊರಿನದೇ ಜೈನ ಮನೆತನದವರು. ಅಲ್ಲಿನ ಪಾಸ್ತಾಕ್ಕೆ ಈರುಳ್ಳಿಯೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ.

ನನ್ನ ಹೆಂಡತಿ ಉಡುಪಿ ಕಡೆಯವಳು. ನಾವು ಕರಾವಳಿಯಲ್ಲೇ ಬಾಳಿ, ನನ್ನ ನಿವೃತ್ತಿಯ ನಂತರ ಇತ್ತ ಬಂದವರು. ಗೋಡಂಬಿ ಅವಳ ಮೈಗೆ ಆಗದು. ಹಿಂದೊಮ್ಮೆ ಮದುವೆಯೂಟದ ಪಾಯಸದಲ್ಲಿ ಅರೆದು ಹಾಕಿದ್ದನ್ನು ತಿಳಿಯದೆ ಉಂಡು, ಗಂಟಲು ಬಿಗಿದು, ಬದುಕಿದ್ದೇ ಹೆಚ್ಚು. ಇನ್ನೊಮ್ಮೆ ಹೀಗಾದರೆ ಇಷ್ಟು ಅವಕಾಶ ಸಿಗಲಿಕ್ಕಿಲ್ಲ ಎಂದು ವೈದ್ಯರು ಆಗಲೇ ಎಚ್ಚರಿಸಿದ್ದರು.

ಹಸಿರು ಸಾಸಿನ ಪಾಸ್ತಾ ಬಂತು. ಅವಳು ಎಂದಿನಂತೆ ಕೇಳಿದಳು: "ಇದರಲ್ಲಿ ಬೀಜ ಉಂಟಾ?"

ತಂದಿಟ್ಟವನು ಚನ್ನರಾಯಪಟ್ಟಣದ ಕಡೆಯ ನಡುವಯಸ್ಸಿನವನು. ನಕ್ಕುಬಿಟ್ಟ. "ಬೀಜ ಆಕಕ್ಕೆ ಇದೇನು ಚಿತ್ರಾನ್ನನಾ ಅಮ್ಮಾ? ಒಂದೂ ಇಲ್ಲ, ಧೈರ್ಯವಾಗಿ ತಿನ್ನಿ."

ನಾವೂ ನಕ್ಕೆವು. ಅರ್ಧ ತಟ್ಟೆ ಮುಗಿಯುವ ಹೊತ್ತಿಗೆ ಅವಳು ಫೋರ್ಕನ್ನು ಕೆಳಗಿಟ್ಟಳು.

"ರೀ, ತುಟಿ ತುರಿಸ್ತಾ ಉಂಟು."

ಆತನನ್ನು ಕೂಗಿ, ಸಾಸಿಗೆ ಏನೇನು ಹಾಕಿದ್ದೀರೆಂದು ಕೇಳಿದೆ.

"ಕಾಮಕಸ್ತೂರಿ ಸೊಪ್ಪು, ಎಣ್ಣೆ, ಚೀಸು. ಬೆಳ್ಳುಳ್ಳಿ ಆಕಲ್ವಲ್ಲ ಸಾ, ರುಚಿಗೆ ಅಂತ ಗೋಡಂಬಿ ಜಾಸ್ತಿ ಅರೀತೀವಿ."

"ಬೀಜ ಇಲ್ಲ ಅಂದಿರಲ್ಲ!"

"ಇಲ್ಲ ಸಾ. ಕಳ್ಳೆಬೀಜ ನಾವು ತರೋದೇ ಇಲ್ಲ. ಇದು ಗೋಡಂಬಿ."

ಆತ ಸುಳ್ಳಾಡಿರಲಿಲ್ಲ. ಕರಾವಳಿಯಲ್ಲಿ ಬರಿದೇ ಬೀಜವೆಂದರೆ ಗೇರುಬೀಜ, ಅದೇ ಗೋಡಂಬಿ. ಹಾಸನದ ಸೀಮೆಯಲ್ಲಿ ಬೀಜವೆಂದರೆ ಕಡಲೆಕಾಯಿಯದು.

ಯಜಮಾನರು ತಮ್ಮ ಕಾರನ್ನೇ ಹೊರತೆಗೆದರು. ಚೀಲದಲ್ಲಿದ್ದ ಅಲರ್ಜಿಯ ಮಾತ್ರೆಯನ್ನು ನುಂಗಿಸಿ ಅವಳನ್ನು ಕೂರಿಸಿದೆ. ಪ್ರವಾಸದ ಮಕ್ಕಳ ಸಾಲು ರಸ್ತೆ ದಾಟುತ್ತಿತ್ತು; ಹಾರನ್ನಿಗೆ ಅವರು ಕೈಬೀಸಿ ನಗುತ್ತಿದ್ದರು. ಅವಳ ಕುತ್ತಿಗೆಯ ಮೇಲೆ ದದ್ದುಗಳು ಏಳುತ್ತಿದ್ದವು. ಮಾತು ಹೊರಡುವವರೆಗೆ ಉಸಿರೂ ಇರುತ್ತದೆ ಎಂಬುದೊಂದೇ ನನಗೆ ಹೊಳೆದದ್ದು.

"ಮಾತಾಡ್ತಾ ಇರು. ನಮ್ಮ ಮದುವೆ ಆದದ್ದು ಯಾವ ವಾರ?"

"ಬುಧವಾರ."

ಗುರುವಾರ. ಪಂಚಾಂಗದೊಡನೆ ನಾನೇ ತಾಳೆ ನೋಡಿದ್ದ ದಿನ ಅದು.

"ಹೌದು, ಬುಧವಾರ. ಮಗಳು ಹುಟ್ಟಿದ್ದು?"

ಆ ಉತ್ತರ ಬಂದಾಗ ದನಿ ಗೊಗ್ಗರಾಗಿತ್ತು. ಮುಂದಿನ ಪ್ರಶ್ನೆಗೆ ನನ್ನ ಅಂಗೈಯೊಳಗೆ ಅವಳ ಬೆರಳಷ್ಟೇ ಅಲ್ಲಾಡಿತು. ಆಮೇಲೆ ನಾನು ಏನನ್ನೂ ಕೇಳಲಿಲ್ಲ; ಉತ್ತರ ಬಾರದಿದ್ದರೆ ಎಂಬ ಭಯ.

ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಕೊಟ್ಟರು, ಮೂಗಿಗೆ ಆಮ್ಲಜನಕ ಹಚ್ಚಿದರು. ನನ್ನನ್ನು ಪರದೆಯಾಚೆ ನಿಲ್ಲಿಸಿದರು. ಒಳಗಿನ ಪ್ರತಿ ಸದ್ದೂ ಕೆಟ್ಟ ಸುದ್ದಿಯಂತೆಯೇ ಕೇಳುತ್ತಿತ್ತು. ಎಷ್ಟು ಹೊತ್ತು ನಿಂತಿದ್ದೆನೋ, ಅದಕ್ಕೆ ಮಾತ್ರ ನನ್ನಲ್ಲಿ ಆಧಾರವಿಲ್ಲ.

ಕೊನೆಗೆ ನರ್ಸು ಪರದೆ ಸರಿಸಿದರು. ಅವಳ ಮುಖ ಊದಿತ್ತು, ಕಣ್ಣುಗಳು ತೆರೆದಿದ್ದವು.

"ಗುರುವಾರ," ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ.

"ಬಾಯಿ ತಪ್ಪಿ ಬುಧವಾರ ಅಂದೆ. ನೀವು ತಿದ್ದಲೇ ಇಲ್ಲ." ಉಸಿರು ಎಳೆದುಕೊಂಡಳು. "ಆಗಲೇ ಮಾರಾಯ್ರೆ, ನನಗೆ ನಿಜಕ್ಕೂ ಹೆದರಿಕೆ ಆದದ್ದು."