ಅಳತೆ ಬ್ಲೌಸು

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹೂ ಮಾರುವವಳು ನನ್ನ ತಂಗಿಯನ್ನು ಅಕ್ಕ ಎಂದಳು, ನನ್ನನ್ನು ಆಂಟಿ ಎಂದಳು. ಅದೂ ಒಂದೇ ಉಸಿರಿನಲ್ಲಿ. ನನಗೂ ತಂಗಿಗೂ ಇರುವುದು ಎರಡೇ ವರ್ಷದ ಅಂತರ. ಅವಳ ಮಗಳ ನಿಶ್ಚಿತಾರ್ಥಕ್ಕೆಂದು ಇಬ್ಬರೂ ಒಂದೇ ಥರದ ರೇಷ್ಮೆ ಸೀರೆ ಕೊಂಡು ಬರುತ್ತಿದ್ದೆವು. ತಂಗಿ ನಗು ತಡೆಯಲಾರದೆ ಆಚೆ ತಿರುಗಿಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು. ಹೂವೇ ಬೇಡವೆಂದು ಬಂದುಬಿಟ್ಟೆ.

ಮೊದಲು ಹೀಗಿರಲಿಲ್ಲ. ಇಬ್ಬರೂ ದಪ್ಪಗಿದ್ದೆವು. ಆಟೋದಲ್ಲಿ ನಾವು ಕೂತರೆ ಮೂರನೆಯವರಿಗೆ ಜಾಗವಿರುತ್ತಿರಲಿಲ್ಲ, ಅದನ್ನೇ ಹೇಳಿಕೊಂಡು ನಗುತ್ತಿದ್ದೆವು. ಮದುವೆಮನೆಯಲ್ಲಿ ಯಾರಾದರೂ ನಮ್ಮ ಮೈ ಬಗ್ಗೆ ಮಾತೆತ್ತಿದರೆ ಒಬ್ಬರನ್ನೊಬ್ಬರು ನೋಡಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದೆವು. ಹೋದ ವರ್ಷ ಡಾಕ್ಟರು ಅವಳಿಗೆ ಇನ್ನೇನು ಶುಗರ್ ಬರುವ ಹಾಗಿದೆ ಎಂದರು. ಅವಳು ಜೆ.ಪಿ. ನಗರದ ತನ್ನ ಮನೆ ಪಕ್ಕದ ಪಾರ್ಕಿನಲ್ಲಿ ವಾಕಿಂಗ್ ಶುರುಮಾಡಿದಳು, ರಾತ್ರಿ ಅನ್ನ ಬಿಟ್ಟಳು, ನೋಡನೋಡುತ್ತಿದ್ದಂತೆ ಸಣ್ಣಗಾದಳು. ಕಾಯಿಲೆ ತಪ್ಪಿತಲ್ಲ ಎಂದು ಸಂತೋಷಪಡಬೇಕಾದವಳು ನಾನು. ನನಗೆ ಬಂದದ್ದು ಹೊಟ್ಟೆಕಿಚ್ಚು. ನನ್ನೊಬ್ಬಳನ್ನೇ ಬಿಟ್ಟು ಹೋದಳು ಎಂಬ ಸಿಟ್ಟು ಬೇರೆ.

ಬ್ಲೌಸ್ ಹೊಲಿಯಲು ಕೊಡುವಾಗ, ಮೈಗೆ ಸರಿಯಾಗಿ ಕೂರುವ ಹಳೆಯದೊಂದನ್ನು ಅಳತೆಗೆಂದು ಕೊಡುವುದು ಎಲ್ಲರ ರೂಢಿ. ನಾನು ಬೀರುವಿನ ತಳದಿಂದ, ಮಗ ಹುಟ್ಟುವ ಮುಂಚೆ ತೊಡುತ್ತಿದ್ದದ್ದನ್ನು ಹುಡುಕಿ ತೆಗೆದು ಕೊಟ್ಟೆ. ನಮ್ಮ ಬೀದಿಯ ಟೈಲರ್ ಹೆಂಗಸು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಇದೇ ಅಳತೆಯಾ ಎಂದು ಕೇಳಿದರು. ಇದೇ ಎಂದೆ. ಒಳಗೆ ಸ್ವಲ್ಪ ಬಟ್ಟೆ ಬಿಡುತ್ತೇನೆ, ಬಿಗಿಯಾದರೆ ಹೊಲಿಗೆ ಬಿಚ್ಚಿಕೊಳ್ಳಬಹುದು ಎಂದರು. ಬೇಡವೇ ಬೇಡ ಎಂದೆ. ನಿಶ್ಚಿತಾರ್ಥದ ಹೊತ್ತಿಗೆ ಅವಳಷ್ಟೇ ಸಣ್ಣಗಾಗಿ ತೋರಿಸುತ್ತೇನೆಂಬ ಹಟ ನನ್ನದು.

ಬೆಳಿಗ್ಗೆ ಸೌತೆಕಾಯಿ, ರಾತ್ರಿ ಬರೀ ಮಜ್ಜಿಗೆ. ಸಾರಿಗೆ ಒಗ್ಗರಣೆ ನಾನೇ ಹಾಕಿ, ಅದನ್ನು ಕಲಸಿಕೊಂಡು ತಿನ್ನುವ ಗಂಡನ ಮೇಲೆ ರೇಗುತ್ತಿದ್ದೆ. ಒಂದು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಕಣ್ಣು ಕತ್ತಲಿಟ್ಟು ಕಂಬ ಹಿಡಿದು ನಿಂತೆ. ಯಾರೋ ಕಾಲೇಜು ಹುಡುಗಿ ಓಡಿ ಬಂದು, ಕೂತ್ಕೊಳಿ ಆಂಟಿ ಎಂದಳು. ಮತ್ತದೇ ಆಂಟಿ! ಹೊಲಿದು ಬಂದ ಬ್ಲೌಸನ್ನು ಹಾಕಿ ನೋಡುವ ಧೈರ್ಯ ಮಾತ್ರ ಕೊನೆಯವರೆಗೂ ಬರಲಿಲ್ಲ.

ಬನಶಂಕರಿಯ ಛತ್ರದ ರೂಮಿನಲ್ಲಿ, ಗಂಡಿನ ಕಡೆಯವರು ಬಂದು ಕೂತ ಮೇಲೆ, ಬಾಗಿಲು ಹಾಕಿಕೊಂಡು ತೊಟ್ಟೆ. ತೋಳಿಗೆ ಹೇಗೋ ಏರಿತು. ಹುಕ್ಕುಗಳು ಹತ್ತಿರಕ್ಕೂ ಬರಲಿಲ್ಲ. ತಟ್ಟೆ ಬದಲಾಯಿಸುವಾಗ ದೊಡ್ಡಮ್ಮ ಪಕ್ಕದಲ್ಲೇ ನಿಲ್ಲಬೇಕೆಂದು ತಂಗಿಯ ಮಗಳು ಮೊದಲೇ ಹೇಳಿದ್ದಳು. ನಾನು ತೊಟ್ಟು ಬಂದದ್ದು ಮನೆಯ ಕಾಟನ್ ಚೂಡಿದಾರ. ಹಿಂದಿನ ಮೆಟ್ಟಿಲಿಳಿದು ಮನೆಗೆ ಹೋಗಿಬಿಡಲೇ ಎಂದುಕೊಂಡೆ.

ತಂಗಿ ಬಾಗಿಲು ಬಡಿದಳು. ಸೀರೆಯನ್ನು ಎದೆಗೆ ಅವುಚಿಕೊಂಡು ತೆಗೆದೆ. ನನ್ನ ಅವಸ್ಥೆ ನೋಡಿ ನಗುತ್ತಾಳೆ, ಜಗಳವಾಡಿ ಹೊರಟುಬಿಡಬಹುದು ಎಂದು ಕಾದೆ. ಅವಳು ಬಾಗಿಲಿಗೆ ಚಿಲಕ ಹಾಕಿ ತನ್ನ ಸೆರಗು ಸರಿಸಿದಳು. ಜೋಲು ಬಿದ್ದ ಬ್ಲೌಸನ್ನು ಎರಡೂ ಪಕ್ಕ ಪಿನ್ನು ಚುಚ್ಚಿ ಚುಚ್ಚಿ ನಿಲ್ಲಿಸಿಕೊಂಡಿದ್ದಳು. ತನ್ನ ಟೈಲರಿಗೆ ಅವಳು ಕೊಟ್ಟಿದ್ದದ್ದು ದಪ್ಪಗಿದ್ದಾಗಿನ ಅಳತೆ.

"ಮತ್ತೆ ಊದ್ಕೊಂಡ್‌ಬಿಟ್ರೆ ಅಂತ ಭಯ ಕಣೆ ಅಕ್ಕ. ಒಂದಿನ ವಾಕಿಂಗ್ ತಪ್ಪಿದ್ರೂ ನಿದ್ದೆ ಬರಲ್ಲ. ಹಳೇ ಬಟ್ಟೆ ಒಂದೂ ಯಾರಿಗೂ ಕೊಟ್ಟಿಲ್ಲ."

ಇಷ್ಟು ದಿನ ನಾನು ಹೊಟ್ಟೆ ಉರಿದುಕೊಂಡದ್ದು ಇವಳನ್ನು ನೋಡಿಯೇ?

"ಬಿಚ್ಚು," ಎಂದೆ.

ಬ್ಲೌಸು ಬದಲಾಯಿಸಿಕೊಂಡೆವು. ಅವಳದ್ದು ಪಿನ್ನಿಲ್ಲದೆ ನನಗೆ ಸರಿಯಾಗಿ ಕೂತಿತು. ನನ್ನದರ ಹುಕ್ಕುಗಳು ಅವಳಿಗೆ ಆರಾಮವಾಗಿ ಬಿದ್ದವು. ಸುಳ್ಳು ಯಾಕೆ ಹೇಳಲಿ, ಆಗಲೂ ಸ್ವಲ್ಪ ಉರಿಯಿತು. ಆದರೆ ಎಷ್ಟೋ ದಿನದ ಮೇಲೆ ಪೂರ್ತಿ ಉಸಿರು ಎಳೆದುಕೊಂಡೆ. ತಟ್ಟೆ ಹಿಡಿದು ತಂಗಿಯ ಮಗಳ ಪಕ್ಕದಲ್ಲೇ ನಿಂತೆ. ಊಟಕ್ಕೆ ಕೂತಾಗ ಹಸಿವಾಗಿತ್ತು, ಹೋಳಿಗೆ ಹಾಕಿಸಿಕೊಂಡೆ. ಹೊಟ್ಟೆ ತುಂಬಿದಾಗ ಸಾಕು ಎಂದೆ.

ಈಗ ಭಾನುವಾರಗಳಂದು ಅವಳ ಪಾರ್ಕಿಗೆ ಹೋಗುತ್ತೇನೆ. ಅವಳು ಮುಂದೆ ಹೋಗಿಬಿಡುತ್ತಾಳೆ, ನನಗೆ ಸಿಟ್ಟು ಬರುತ್ತದೆ, ಬೈಯುತ್ತಲೇ ನಡೆಯುತ್ತೇನೆ.

ಮೊನ್ನೆ ಮದುವೆಯ ಬ್ಲೌಸಿಗೆಂದು ಇಬ್ಬರೂ ನಮ್ಮ ಬೀದಿಯ ಟೈಲರ್ ಹತ್ತಿರವೇ ಹೋದೆವು. ತಂಗಿ ಬ್ಯಾಗಿನಿಂದ ಹಳೆಯದೊಂದನ್ನು ತೆಗೆಯುತ್ತಿದ್ದಳು, ಕಿತ್ತುಕೊಂಡೆ. ಟೇಪು ತೆಗೆಯಿರಿ, ಮೈ ಅಳತೆಯನ್ನೇ ತೆಗೆದುಕೊಳ್ಳಿ ಎಂದು ನಾನೇ ಮೊದಲು ಕೈ ಎತ್ತಿ ನಿಂತೆ. ಅವರು ನನ್ನ ಸುತ್ತಳತೆಯನ್ನು ಜೋರಾಗಿಯೇ ಹೇಳಿದರು. ತಂಗಿಗೆ ಕೇಳಿಸಿತು. ಕೇಳಿಸಲಿ. ಆಮೇಲೆ ಅವಳನ್ನೂ ನಿಲ್ಲಿಸಿದೆ.

ಒಳಗೆ ಬಟ್ಟೆ ಬಿಡಬೇಕಾ ಎಂದು ಟೈಲರ್ ಕೇಳಿದರು.

"ಬಿಡಿ," ಎಂದೆ. "ಇಬ್ರಿಗೂ ಬಿಡಿ."