ಸರಸಳ ತಲೆಬುರುಡೆಯ ತೂತು

ಸರಸಳ ದವಡೆ ಮುರಿದದ್ದು ತೆಂಗಿನಕಾಯಿಯ ಹೊಡೆತಕ್ಕೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಗಂಡ ಕಮಲಾಕರ ಕೈಗೆ ಸಿಕ್ಕ ಕಾಯಿಯನ್ನೇ ಬೀಸಿದ್ದ. ಬಾಯಿ ತುಂಬ ರಕ್ತ. ಮುಂದಿನ ಹಲ್ಲುಗಳು ನೆಲದಲ್ಲಿ. ಕುಂದಾಪುರದ ಕಡೆಯಿಂದ ಮದುವೆಯಾಗಿ ತ್ರಿಪ್ಲಿಕೇನಿಗೆ ಬಂದಂದಿನಿಂದ ಪೆಟ್ಟು ತಪ್ಪಿದ್ದಿಲ್ಲ, ಎಲುಬು ಮುರಿದದ್ದು ಇದೇ ಮೊದಲು. ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ ಕಮಲಾಕರನದು ಗಿರಾಕಿಗಳ ಮುಂದೆ ಬೆಣ್ಣೆಯಂಥ ಮಾತು.

ಬಚ್ಚಲಲ್ಲಿ ಜಾರಿ ಬಿದ್ದಳೆಂದು ಹೇಳಿ ಹಲ್ಲಿನ ಆಸ್ಪತ್ರೆಗೆ ಕರೆದೊಯ್ದ. ಮುಖದ ಮೂಳೆಗಳನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ತೋರಿಸುವ ಸ್ಕ್ಯಾನ್ ಅಲ್ಲಿಗೆ ಹೊಸದಾಗಿ ಬಂದಿತ್ತು, 2009ರ ಮಾತು. ವೈದ್ಯರ ತಮಿಳು ಸರಸಳಿಗೆ ತಿಳಿಯಲಿಲ್ಲ. ದವಡೆಗೆ ತಂತಿ ಬಿಗಿಸಿಕೊಂಡು ಮನೆಗೆ ಬಂದಾಗ ಗಂಡ ಅವಳ ತಲೆ ತಟ್ಟಿ ಹೇಳಿದ:

"ನಿನ್ ಮಂಡಿ ಅಡಿಯಂಗೆ ತೂತ್ ಇತ್ತಂಬ್ರ್. ಇನ್ನೊಂದ್ ಪೆಟ್ಟ್ ಬಿದ್ರೆ ಸತ್ತೇ ಹೋತೆ, ಕಾಣ್."

ಅಂದಿನಿಂದ ಅವನು ಕೈ ಎತ್ತಿದರೆ ಸಾಕು, ಅವಳು ಎರಡೂ ಕೈಯಿಂದ ತಲೆ ಮುಚ್ಚಿ ಕುಕ್ಕರಿಸುತ್ತಿದ್ದಳು. ಅವನು ನಿಧಾನವಾಗಿ ಪಕ್ಕೆಗೆ ಒದೆಯುತ್ತಿದ್ದ. ಒಮ್ಮೆ ಕಾದ ಸಟ್ಟುಗವನ್ನು ಮೊಣಕೈಗೆ ಒತ್ತಿ ಹಿಡಿದ. ಆಗಲೂ ಅವಳು ತಲೆಯ ಮೇಲಿನ ಕೈ ತೆಗೆಯಲಿಲ್ಲ.

ತಂತಿ ಬಿಚ್ಚಿಸಲು ಒಬ್ಬಳೇ ಹೋದಳು. ಅಂದು ಇದ್ದವರು ಮೈಸೂರಿನ ಡಾಕ್ಟರ್ ಗಗನಾ. ಕನ್ನಡ ಕೇಳಿದ್ದೇ ಸರಸಳಿಗೆ ಧೈರ್ಯ ಬಂತು.

"ಮೇಡಂ, ಮಂಡಿ ತೂತ್ ದೊಡ್ದ್ ಆತಾ?"

ಗಗನಾ ಸ್ಕ್ಯಾನ್ ತೆರೆದು ನೋಡಿದರು. "ಇದಾ? ಹುಟ್ತಾನೇ ಬಂದಿದ್ದು ಕಣ್ರೀ. ಕೆಲವರಿಗೆ ಬುರುಡೆ ತಳದ ಮೂಳೇಲಿ ಇಂಥ ಸಣ್ಣ ತೂತು ಇರುತ್ತೆ. ಏನೂ ತೊಂದ್ರೆ ಇಲ್ಲ. ನಿಮ್ಮ ಯಜಮಾನ್ರಿಗೆ ಅವತ್ತೇ ಹೇಳಿದಾರಲ್ಲ!" ಆಮೇಲೆ ಮೊಣಕೈ ಕಂಡು ದನಿ ತಗ್ಗಿಸಿದರು. "ಈ ಸುಟ್ಟ ಗಾಯ?"

"ಅವ್ರೇ," ಎಂದಳು ಸರಸ. "ದವಡಿನೂ ಅವ್ರೇ."

ಸಂಜೆ ಕಮಲಾಕರ ಎಂದಿನಂತೆ ಕೈ ಎತ್ತಿದ. ಸರಸ ಕುಕ್ಕರಿಸಲಿಲ್ಲ. ಮೆಣಸು ಕುಟ್ಟುವ ಕಬ್ಬಿಣದ ಕೋಲನ್ನು ಎತ್ತಿ ಅವನ ಮಣಿಕಟ್ಟಿಗೆ ಬಾರಿಸಿದಳು. ಮೂಳೆ ಲಟಕ್ಕೆಂದಿತು. ಅವನು ಬಗ್ಗಿದಾಗ ಮೊಣಕಾಲಿಗೆ ಇನ್ನೊಂದು.

"ಸುಳ್ಳ್ ಹೇಳ್ದೆ ಅಲ್ದಾ ನಂಗೆ?" ಗಂಡನಿಗೆ ಎಂದೂ ಏಕವಚನ ಆಡದವಳು ಕೂಗಿದಳು. ಅವನ ಅರಚಾಟಕ್ಕೆ ವಠಾರವೇ ಬಾಗಿಲಲ್ಲಿ ನೆರೆಯಿತು.

ಇಬ್ಬರನ್ನೂ ಪೊಲೀಸರು ಕರೆಸಿದರು. ಗಗನಾ ಬಂದು ದವಡೆಯ, ಸುಟ್ಟ ಕೈಯ ವಿಷಯ ಹೇಳಿದ ಮೇಲೆ ಒಳಗೆ ಹೋದವನು ಕಮಲಾಕರ. ಸರಸ ಎಗ್ಮೋರಿನ ಹೆಂಗಸರ ಹಾಸ್ಟೆಲೊಂದರಲ್ಲಿ ಅಡುಗೆಗೆ ಸೇರಿದಳು. ಮುಂದೊಮ್ಮೆ ರಾಜಿ ಮಾಡಿಸಲು ಮೈದುನ ಪದ್ಮನಾಭ ಅಲ್ಲಿಗೇ ಬಂದು, ಬಾಗಿಲು ಮುಚ್ಚದಂತೆ ಚೌಕಟ್ಟಿಗೆ ಕೈಯಿಟ್ಟು ನಿಂತ.

"ಕೈ ತೆಗಿ," ಎಂದಳು ಸರಸ. ತೆಗೆಯಲಿಲ್ಲ. ಅವಳು ಬಾಗಿಲು ಎಳೆದುಕೊಂಡಳು.