ಬೆರಳಿಗೆಂದು ಕೊಟ್ಟ ಮುಲಾಮು

ಬೆಳಿಗ್ಗೆ ಆರು ಗಂಟೆ. ಶಿಡ್ಲಘಟ್ಟದ ಈ ರೇಷ್ಮೆ ಘಟಕದಲ್ಲಿ ಒಲೆ ಹತ್ತಿದೆ, ತೊಟ್ಟಿಯ ನೀರು ಇನ್ನೂ ಕಾದಿಲ್ಲ. ಬಾಗಿಲಲ್ಲಿ ನಿಂತ ಗಂಗುಲಮ್ಮ ಒಳಗೆ ಬರುವ ಒಬ್ಬೊಬ್ಬ ಹುಡುಗಿಯ ಕೈ ಹಿಡಿದು, ಹುಣ್ಣಾಗಿದೆಯೇ ಎಂದು ಬೆರಳ ಸಂದು ನೋಡುತ್ತಾರೆ. ಮುಖವನ್ನು ಮಾತ್ರ ಮುಟ್ಟುವುದಿಲ್ಲ. "ಬೆಳಕಿಗೆ ತಿರುಗಮ್ಮ" ಎಂದಷ್ಟೇ ಹೇಳುತ್ತಾರೆ.

"ಕಿವಿ ಒಂದು ಬಣ್ಣ, ಕೆನ್ನೆ ಒಂದು ಬಣ್ಣ ಇದ್ರೆ ನಂಗೆ ಗೊತ್ತಾಗೋಗುತ್ತಪ್ಪ, ಇವ್ಳು ಮುಲಾಮು ಹಚ್ತಾವ್ಳೆ ಅಂತ."

ಗಂಗುಲಮ್ಮನವರಿಗೆ ನಲವತ್ತೆಂಟು. ಹದಿನಾಲ್ಕನೇ ವಯಸ್ಸಿನಿಂದ ಇದೇ ಕೆಲಸ. ಕುದಿಯುವ ನೀರಿನಲ್ಲಿ ತೇಲುವ ಗೂಡುಗಳ ಎಳೆಯ ತುದಿ ಹುಡುಕಿ ರಾಟೆಗೆ ಕೊಡಬೇಕು. ದಿನಕ್ಕೆ ಏಳೆಂಟು ಕೆಜಿ ಗೂಡು ಅವರ ಕೈಯಲ್ಲಿ ಮುಕ್ಕಾಲು ಕೆಜಿ ನೂಲಾಗುತ್ತದೆ. ಬಿಸಿನೀರು, ಸತ್ತ ಹುಳುವಿನ ರಸ ಸೇರಿ ಬೆರಳು ಬಿರಿಯುತ್ತವೆ, ಊಟಕ್ಕೆ ಕೂತರೆ ಸಾರಿನ ಖಾರಕ್ಕೆ ಕಣ್ಣಲ್ಲಿ ನೀರು ಬರುತ್ತದೆ. ರೇಷ್ಮೆ ಸೀರೆಯ ಅಂಚು ಸವರಿ ನೋಡುವ ನಾವು ಆ ಬೆರಳುಗಳನ್ನು ನೋಡಿದವರಲ್ಲ.

ಒಂಬತ್ತು ವರ್ಷದ ಹಿಂದೆ, 1988ರಲ್ಲಿ, ವೈದ್ಯರೊಬ್ಬರು ಆ ಹುಣ್ಣಿಗೆ ಒಂದು ಸಣ್ಣ ಟ್ಯೂಬ್ ಬರೆದುಕೊಟ್ಟರು. ಹದಿನೈದು ದಿನ, ಬೆರಳಿಗೆ ಮಾತ್ರ ಎಂದರು. ಹುಣ್ಣು ಮಾಯಿತು, ಜೊತೆಗೆ ಹಚ್ಚಿದ ಕಡೆಯೆಲ್ಲ ಚರ್ಮ ತಿಳಿಯಾಯಿತು. ಘಟಕದ ಹೆಂಗಸರೆಲ್ಲ ಅವರ ಕೈ ಪಕ್ಕ ತಮ್ಮ ಕೈ ಇಟ್ಟು ನೋಡಿದರು.

"ಸುಡೋ ನೀರಲ್ಲಿ ಬೆಂದ ಕೈಗೇ ಒಳ್ಳೇದು ಮಾಡಿದ್ದು ಮುಖಕ್ಕೆ ಏನ್ ಕೆಟ್ಟದ್ದು ಮಾಡೀತು ಅಂದ್ಕೊಂಡೆ. ಹಂಗಂತ ಮೊದ್ಲು ಹೇಳಿದ್ದು ನಾನೇ, ಬೇರೆ ಯಾರೂ ಅಲ್ಲ."

ಮನೆಯಲ್ಲಿ ತಂಗಿಯ ಮಗಳು ಆಂಜಿನಮ್ಮ ಇದ್ದಳು. ತಾಯಿಯಿಲ್ಲದ ಹುಡುಗಿ, ಸಾಕಿದ್ದು ಇವರೇ. ನೋಡಲು ಬಂದ ಎರಡು ಕಡೆಯವರು ಉಪ್ಪಿಟ್ಟು ತಿಂದು, ಹುಡುಗಿ ಕಪ್ಪು ಎಂದು ಹೇಳಿಕಳಿಸಿದ್ದರು. ನಗರಗೆರೆಯ ಗಂಡಿನವರು ನೋಡಲು ಬರುವ ತಿಂಗಳ ಮುಂಚಿನಿಂದ ಗಂಗುಲಮ್ಮ ದಿನಾ ಸಂಜೆ ಅವಳನ್ನು ಎದುರಿಗೆ ಕೂರಿಸಿಕೊಂಡು ತಮ್ಮ ಕೈಯಾರೆ ಮುಲಾಮು ಸವರಿದರು. ಮದುವೆ ಆಯಿತು. ಬಣ್ಣ ಉಳಿಸಿಕೊಳ್ಳಲು ಹುಡುಗಿ ಗಂಡನ ಮನೆಯಲ್ಲೂ ನಾಲ್ಕು ವರ್ಷ ಹಚ್ಚಿದಳು. ಔಷಧದಂಗಡಿಯಲ್ಲಿ ಚೀಟಿ ಎಲ್ಲಿ ಎಂದು ಕೇಳಿದವರಿಲ್ಲ. ಬಿಟ್ಟರೆ ಮುಖ ಉರಿ, ಹಚ್ಚಿದರೆ ತಂಪು. ಕೊನೆಗೆ ಕೆನ್ನೆಯ ಚರ್ಮ ತೆಳುವಾಗಿ ಕೆಂಪು ನರಗಳು ಎದ್ದು ಕಂಡವು, ಗಲ್ಲದ ಮೇಲೆ ಕೂದಲು ಬಂತು. ಈಗ ಆಕೆ ಬಿಸಿಲಿಗೆ ಹೋಗಬೇಕಾದರೆ ಮುಖದ ತುಂಬ ಸೆರಗು ಹೊದೆಯಬೇಕು.

ಚಿಕ್ಕಬಳ್ಳಾಪುರದ ಚರ್ಮದ ವೈದ್ಯರು, "ಇದು ಬಣ್ಣಕ್ಕೆ ಹಚ್ಚೋದಲ್ಲಮ್ಮ, ಸ್ಟಿರಾಯ್ಡ್. ಮುಖದ ಚರ್ಮ ತಡ್ಕೊಳಲ್ಲ" ಎಂದಾಗಲೇ ಗಂಗುಲಮ್ಮನವರಿಗೆ ತಾವು ಸವರಿದ್ದು ಏನೆಂದು ಗೊತ್ತಾಗಿದ್ದು. ಅದಾಗಿ ನಾಲ್ಕು ವರ್ಷ. ಅಂದಿನಿಂದ ರಜೆ ಸಿಕ್ಕಾಗಲೆಲ್ಲ, ಮುಖಕ್ಕೆ ಮುಲಾಮು ಹಚ್ಚುವ ಘಟಕದ ಹುಡುಗಿಯರನ್ನು ಬಸ್ಸಿನಲ್ಲಿ ಅದೇ ವೈದ್ಯರ ಹತ್ತಿರ ಕರೆದೊಯ್ಯುತ್ತಾರೆ. ಒಂದೇ ಸಲ ಬಿಟ್ಟರೆ ಮುಖ ಊದುತ್ತದೆ ಎಂದು ನಿಧಾನವಾಗಿ ಬಿಡಿಸುತ್ತಾರೆ. ಇದುವರೆಗೆ ಹದಿನೇಳು ಮಂದಿ. ಮಾಲೀಕ ವೆಂಕಟರವಣಪ್ಪನವರು, "ನೂಲು ತೆಗಿ ಅಂದ್ರೆ ಮುಖ ನೋಡ್ಕೊಂಡು ನಿಂತಿರ್ತಾಳೆ" ಎಂದು ಗೊಣಗಿದರೂ ತಡೆದಿಲ್ಲ.

ಇವರೊಬ್ಬರನ್ನೇ ದೂರಲು ನನಗೆ ಬಾಯಿ ಬರುವುದಿಲ್ಲ. ಪ್ರತಿ ಭಾನುವಾರ 'ಬೆಳ್ಳಗಿರುವ ವಧು ಬೇಕು' ಎಂದು ಪತ್ರಿಕೆಯಲ್ಲಿ ಅಚ್ಚು ಹಾಕುವುದು ನಾವೇ ತಾನೇ?

"ಆಂಜಿನಮ್ಮ ನನ್ನ ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಗಂಗುಲಮ್ಮ. "ಪಾಪಂ, ಒಂದ್ ಮಾತೂ ಬೈಲಿಲ್ಲ ಅವ್ಳು."

ಆಂಜಿನಮ್ಮನಿಗೆ ಈಗ ಮೂರು ವರ್ಷದ ಮಗಳು. ಮಗು ಗಂಗುಲಮ್ಮನವರ ಬಣ್ಣ, ಎಣ್ಣೆಗಪ್ಪು. ನಾಮಕರಣದ ದಿನ ಎತ್ತಿಕೊಂಡು ಕೆನ್ನೆಗೆ ಕೈ ಒಯ್ದಾಗ ಆಂಜಿನಮ್ಮ ಮೆಲ್ಲಗೆ ಹೇಳಿದಳಂತೆ, "ಮುಖ ಮಾತ್ರ ಮುಟ್ಬೇಡ ದೊಡ್ಡಮ್ಮ." ಅಂದಿನಿಂದ ಅವರು ಯಾರ ಮುಖವನ್ನೂ ಮುಟ್ಟಿಲ್ಲ.

ತೊಟ್ಟಿ ಕುದಿ ಬಂದಿದೆ. ನಿಮಗೇನು ಆಸೆ ಎಂದು ಕೇಳುತ್ತೇನೆ. ಕೈ ಅದ್ದುವ ಮುಂಚೆ ಗಂಗುಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

"ಆ ಮಗೂ ಕೆನ್ನೆ ಒಂದ್ಸಲ ಸವರ್ಬೇಕಪ್ಪ. ಅದೂ ಅವ್ಳಾಗವ್ಳೇ ಮುಟ್ಟು ದೊಡ್ಡಮ್ಮ ಅಂದಾಗ. ಅಲ್ಲೀವರ್ಗೂ ಬೇಡ."